ಕುದುರೆಮುಖದ ಕಪ್ಪು

ಪ್ರಶ್ನೆ: ನನ್ನ ತಂದೆ ತಮಿಳರು, ಕಬ್ಬಿಣದ ಅದಿರಿನ ಗಣಿಯ ಕೆಲಸಕ್ಕೆಂದು ಕುದುರೆಮುಖಕ್ಕೆ ಬಂದವರು, ತಾಯಿ ಕಳಸದವರು. ನಾನು ಒಂದನೇ ತರಗತಿಯಲ್ಲಿದ್ದಾಗ ಗಣಿ ನಿಂತಿತು. ಚಿತ್ರಕಲೆ ಕಲಿತ ಮೇಲೆ ಅಲ್ಲಿನ ಖಾಲಿ ಕ್ವಾರ್ಟರ್ಸ್‌ಗಳನ್ನೂ ತುಕ್ಕು ಹಿಡಿದ ಯಂತ್ರಗಳನ್ನೂ ಬರೆಯುತ್ತಿದ್ದೇನೆ. ಹಸಿರು ಬೆಟ್ಟ, ಕಾಫಿ ತೋಟ ಬಿಟ್ಟು ಇದೇನು ಎಂದು ಬಂಧುಗಳು ಕೇಳುತ್ತಾರೆ. ಅಜ್ಜಿ ಹಾಕುವ ತಮಿಳು ರಂಗೋಲಿ ‘ಕೋಲ’ವನ್ನೂ ಅಮ್ಮನ ರಂಗೋಲಿಯನ್ನೂ ಚಿತ್ರದಲ್ಲಿ ಸೇರಿಸಿದರೆ ಅಂಟಿಸಿದಂತೆ ಕಾಣುತ್ತದೆ. ಏನು ಮಾಡಲಿ?
– ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ಬಂಧುಗಳ ಮಾತು ಬಿಡಿ, 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿಗಾರಿಕೆ ನಿಂತ ಆ ಊರೂ ಚಿಕ್ಕಮಗಳೂರು ಜಿಲ್ಲೆಯದೇ. ಅಂಟಿಸಿದಂತೆ ಕಾಣುತ್ತದೆ ಎಂಬ ನಿಮ್ಮ ಅನುಮಾನ ಮಾತ್ರ ಸರಿಯಾಗಿದೆ. ಹಂಗೇರಿಯ ತಾಯಿ, ಸಿಖ್ ತಂದೆಯ ಮಗಳಾದ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಎರಡು ನಾಡಿನ ಗುರುತುಗಳನ್ನು ಪಕ್ಕಪಕ್ಕದಲ್ಲಿಟ್ಟು ದೊಡ್ಡವರಾಗಲಿಲ್ಲ. ಪ್ಯಾರಿಸ್ಸಿನಲ್ಲಿ ಪಳಗಿದ ಕೈಯನ್ನು ಅಜಂತಾದ ಗೋಡೆಗಳನ್ನು ಕಂಡ ಕಣ್ಣಿಗೆ ಒಪ್ಪಿಸಿ, ದಕ್ಷಿಣದ ಪ್ರವಾಸದ ನಂತರ 1937ರಲ್ಲಿ ತಮ್ಮ ಅತ್ಯುತ್ತಮ ಚಿತ್ರಗಳಲ್ಲಿ ಕೆಲವನ್ನು ಬರೆದರು. ನಿಮ್ಮ ಅಜ್ಜಿ ಸಿಕ್ಕುಕೋಲ ಹಾಕುವವರಾದರೆ ಅವರ ಪಕ್ಕ ಕುಳಿತು ನೋಡಿ: ಅದರಲ್ಲಿ ಎಳೆ ಚುಕ್ಕಿಯನ್ನು ಮುಟ್ಟದೆ ಸುತ್ತಿಕೊಂಡು ಹೋಗುತ್ತದೆ, ನಮ್ಮ ಚುಕ್ಕಿ ರಂಗೋಲಿಯಲ್ಲಿ ಹೆಚ್ಚಾಗಿ ಚುಕ್ಕಿಯಿಂದ ಚುಕ್ಕಿಗೆ ಸೇರುತ್ತದೆ. ಬೆಟ್ಟಗಳನ್ನು ದಾಟಿ ಮಂಗಳೂರಿನವರೆಗೆ ಸುಮಾರು 67 ಕಿ.ಮೀ. ಅದಿರು ಒಯ್ದ ಕೊಳವೆಯನ್ನು ಬರೆಯುವಾಗ ಈ ಎರಡರಲ್ಲಿ ಯಾವ ಎಳೆ ಕೈಗೆ ಬರುತ್ತದೆಂದು ನೋಡಿ. ಕೋಲವನ್ನು ಚಿತ್ರದೊಳಗೆ ಬರೆಯಲೇಬೇಕಾಗಿಲ್ಲ.

ಇನ್ನು ಬಣ್ಣದ ಮಾತು. ಪಾಳುಬಿದ್ದ ಕಾರ್ಖಾನೆಯೆಂದರೆ ಎಲ್ಲರೂ ತುಕ್ಕಿನ ಕೆಂಪಿಗೇ ಕೈ ಹಾಕುತ್ತಾರೆ, ನನಗಂತೂ ಅದು ಸಾಕಾಗಿದೆ. ಕುದುರೆಮುಖದ ಅದಿರು ಮ್ಯಾಗ್ನೆಟೈಟ್, ಅಯಸ್ಕಾಂತಕ್ಕೆ ಅಂಟುವ ಕಪ್ಪು. ಅಂಗಡಿಯಲ್ಲಿ ಸಿಗುವ ಮಾರ್ಸ್ ಬ್ಲ್ಯಾಕ್ ಕೂಡ ಕಬ್ಬಿಣದ ಅದೇ ಆಕ್ಸೈಡ್, ಕಾರ್ಖಾನೆಯಲ್ಲಿ ತಯಾರಾದದ್ದು. ಸುಟ್ಟ ಮೂಳೆಯಿಂದ ಮಾಡುವ ಐವರಿ ಬ್ಲ್ಯಾಕ್‌ಗಿಂತ ಅದು ಅಡಿಯ ಬಣ್ಣವನ್ನು ಹೆಚ್ಚು ಮುಚ್ಚುವ, ಬಿಳಿಯೊಂದಿಗೆ ಕಲಸಿದಾಗ ತುಸು ಕಂದಿಗೆ ತಿರುಗುವ ಕಪ್ಪು. ಒಂದು ಮಳೆಗಾಲ ಪೂರ್ತಿ ಆ ಕಪ್ಪು ಮತ್ತು ಬಿಳಿಯಲ್ಲೇ ಮೋಡ, ಶೋಲಾ ಕಾಡು, ಖಾಲಿ ಮನೆಗಳನ್ನು ಬರೆದು ನೋಡಿ. ಹಸಿರು ಬೇಕೇಬೇಕು ಅನ್ನಿಸಿದ ಜಾಗದಲ್ಲಿ ಮಾತ್ರ ಹಸಿರು ಹಚ್ಚಿ.

ಅಂದ ಹಾಗೆ, ನಿಜವಾದ ಅದಿರಿನ ಮಣ್ಣನ್ನೇ ತಂದು ಅರೆಯೋಣವೆಂದು ಹೊರಡಬೇಡಿ. ಸುತ್ತಲಿನದು ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಒಂದು ಹಿಡಿ ಮಣ್ಣು ತರುವುದೂ ತಪ್ಪು.