ಹಳೇ ಲೆನ್ಸ್ ಮೇಲೆ ತಪ್ಪು ಹೊರಿಸುವ ಮೊದಲು

ಹಳೇ ಮ್ಯಾನ್ಯುಯಲ್ ಫೋಕಸ್ ಲೆನ್ಸ್ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳುತ್ತವೆ. ಈ ಸಲ ಅದಕ್ಕೇ ಜಾಸ್ತಿ ಜಾಗ. ಹಳೇ ಲೆನ್ಸನ್ನು ಹೊಸ ಕ್ಯಾಮೆರಾಗೆ ಜೋಡಿಸುವ ಬಳೆ, ಅಂದರೆ ಅಡಾಪ್ಟರ್, ತಿರುಗಿಸಿ ಕೂರಿಸುವುದು ಹೇಗೆ, ಲೆನ್ಸ್ ಇಲ್ಲದೆಯೂ ಶಟರ್ ಬೀಳುವಂತೆ ಮಾಡುವ ಆಯ್ಕೆ ಮೆನುವಿನಲ್ಲಿ ಎಲ್ಲಿದೆ ಅಂತೆಲ್ಲ ಕೇಳಬೇಡಿ. ಕ್ಯಾಮೆರಾ ಜೊತೆ ಬಂದ ಕೈಪಿಡಿ ಓದಿ.

ಪ್ರಶ್ನೆ: ಹಳೇ 50 ಮಿ.ಮೀ. ಎಫ್ 1.4 ಲೆನ್ಸನ್ನು ಮಿರರ್‌ಲೆಸ್ ಕ್ಯಾಮೆರಾಗೆ ಹಾಕಿದ್ದೇನೆ. ಸ್ಪಷ್ಟ ಅಂಚಿಗೆ ಬಣ್ಣ ಬಳಿದು ತೋರಿಸುವ ಫೋಕಸ್ ಪೀಕಿಂಗ್‌ನಲ್ಲಿ ಕಣ್ಣಿನ ಸುತ್ತ ಕೆಂಪು ಬಣ್ಣ ಬಂದ ಮೇಲೆಯೇ ಕ್ಲಿಕ್ ಮಾಡುತ್ತೇನೆ. ಆದರೂ ಕಂಪ್ಯೂಟರ್‌ನಲ್ಲಿ ನೋಡಿದರೆ ಎಲ್ಲಾ ಮಸುಕು. ಹಳೇ ಲೆನ್ಸ್ ಡಿಜಿಟಲ್‌ಗೆ ಆಗಿಬರಲ್ವಾ?

ಆಗಿಬರುತ್ತದೆ. ಮೊದಲು ಆ ಪೀಕಿಂಗ್ ಆಫ್ ಮಾಡಿ. ಅದು ಫೋಕಸ್ ಅಳೆಯುವುದಿಲ್ಲ. ಕಾಂಟ್ರಾಸ್ಟ್ ಜೋರಾಗಿರುವ ಅಂಚು ಕಂಡಲ್ಲೆಲ್ಲ ಬಣ್ಣ ಬಳಿಯುತ್ತದೆ, ಅಷ್ಟೆ. ಕಪ್ಪು ಹುಬ್ಬು, ಕನ್ನಡಕದ ಫ್ರೇಮ್ ಇದ್ದರೆ ಫೋಕಸ್ ಸ್ವಲ್ಪ ತಪ್ಪಿದ್ದರೂ ಕೆಂಪಾಗುತ್ತದೆ.

35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್‌ನಲ್ಲಿ, 1 ಮೀಟರ್ ದೂರದಲ್ಲಿ, ಎಫ್ 1.4 ಇಟ್ಟರೆ, ಅಂದರೆ ಬೆಳಕು ಬಿಡುವ ಕಿಂಡಿಯನ್ನು (ಅಪರ್ಚರ್) ಪೂರ್ತಿ ತೆರೆದರೆ, ಸ್ಪಷ್ಟವಾಗಿ ಬರುವ ಆಳ ಸುಮಾರು 3 ಸೆಂ.ಮೀ. ಅದೂ ಸಣ್ಣ ಪ್ರಿಂಟ್ ಲೆಕ್ಕದಲ್ಲಿ. ನೀವು ಪರದೆಯ ಮೇಲೆ ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿದರೆ ಅಷ್ಟೂ ಉಳಿಯುವುದಿಲ್ಲ. ಉಸಿರಾಡುವಾಗ ಮೈ ಹಿಂದೆ ಮುಂದೆ ಆದರೂ ಸಾಕು, ಕಣ್ಣಿನ ಬದಲು ಕಿವಿ ಸ್ಪಷ್ಟವಾಗಿರುತ್ತದೆ.

ಹಾಗಾಗಿ ಕೈಗೆ ಸುಲಭವಾಗಿ ಸಿಗುವ ಒಂದು ಬಟನ್‌ಗೆ ಮ್ಯಾಗ್ನಿಫೈ ಕೊಡಿ. ದೊಡ್ಡದು ಮಾಡುವ ಚೌಕವನ್ನು ಕಣ್ಣಿನ ಮೇಲೇ ತನ್ನಿ. ಮಧ್ಯದಲ್ಲಿ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸುವ ಚಾಳಿ ಬಿಡಿ, ಎಫ್ 1.4ರಲ್ಲಿ ಅದು ನಡೆಯಲ್ಲ. ರಿಂಗ್ ತಿರುಗಿಸುತ್ತಾ ಸ್ಪಷ್ಟ ಬಿಂದುವನ್ನು ದಾಟಿ ಹೋಗಿ, ವಾಪಸ್ ಬನ್ನಿ, ತಕ್ಷಣ ಕ್ಲಿಕ್ ಮಾಡಿ. ಯೋಚಿಸುತ್ತಾ ನಿಂತರೆ ನೀವೂ ಅಲ್ಲಾಡುತ್ತೀರಿ, ಎದುರಿಗಿರುವವರೂ ಅಲ್ಲಾಡುತ್ತಾರೆ.

ಇನ್ನು ಮಸುಕಾದ ಫೋಟೋ. ಅದನ್ನು ಅಳಿಸುವ ಮೊದಲು ಸರಿಯಾಗಿ ನೋಡಿ, ಕಾರಣ ಅದರಲ್ಲೇ ಇರುತ್ತದೆ. ಕಣ್ಣು ಮಸುಕು, ಮೂಗಿನ ತುದಿಯೋ ಕಿವಿಯೋ ಸ್ಪಷ್ಟ ಅಂದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲ್ಲಾಡಿದೆ. ರೆಪ್ಪೆ ಕೂದಲು ಎಣಿಸುವಷ್ಟು ಕಾಣುತ್ತಿದ್ದು, ಅದರ ಮೇಲೆ ತೆಳುವಾದ ಬೆಳ್ಳನೆ ಪೊರೆ ಇದ್ದರೆ ಮಾತ್ರ ಅದು ಲೆನ್ಸಿನ ಗುಣ. ಆ ಕಾಲದ ಎಷ್ಟೋ ಎಫ್ 1.4 ಲೆನ್ಸ್‌ಗಳು ಪೂರ್ತಿ ತೆರೆದಾಗ ಹಾಗೇ ಇರುತ್ತವೆ. ಕಿಂಡಿ ಕಿರಿದು ಮಾಡಿ ಎಫ್ 2.8ಕ್ಕೆ ಬಂದರೆ ಪೊರೆ ಬಹುಮಟ್ಟಿಗೆ ಮಾಯ. ಆಗಲೂ ಹೋಗದಿದ್ದರೆ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗಿನ ಗಾಜು ಮಂಜು ಕವಿದಂತೆ ಕಂಡರೆ ಆಗ ಬೇಕಾದರೆ ಲೆನ್ಸನ್ನು ಬೈಯಿರಿ.

ಫೋಟೋ ಅಲ್ಲಾಡಿದಂತೆ ಬರುವುದಕ್ಕೆ ಒಂದು ಸಾಮಾನ್ಯ ಕಾರಣ ಇದೆ. ಸಾದಾ ಅಡಾಪ್ಟರ್‌ನಲ್ಲಿ ಚಿಪ್ ಇಲ್ಲ, ಎಷ್ಟು ಮಿ.ಮೀ. ಲೆನ್ಸ್ ಅಂತ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ಕೈ ಅಲ್ಲಾಡಿದರೆ ಸೆನ್ಸರನ್ನೇ ಸರಿಸಿ ಸರಿದೂಗಿಸುವ ಸೆನ್ಸರ್ ಸ್ಟೆಬಿಲೈಸೇಷನ್ ಇದ್ದರೆ ಆ ಅಂಕಿಯನ್ನು ನೀವೇ ತುಂಬಬೇಕು. ನಿಮ್ಮದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಸಣ್ಣದು) ಅಂತ ಒಂದೂವರೆಯಿಂದ ಗುಣಿಸಿ 75 ತುಂಬಬೇಡಿ. ಲೆನ್ಸ್ ಮೇಲೆ 50 ಅಂತ ಬರೆದಿದ್ದರೆ 50 ತುಂಬಿ. ಹೋದ ಸಲ 200 ಮಿ.ಮೀ. ಹಾಕಿದ್ದಾಗ ಇಟ್ಟಿದ್ದ ಅಂಕಿ ಹಾಗೇ ಉಳಿದಿದ್ದರೆ ಸ್ಟೆಬಿಲೈಸೇಷನ್ ತಾನೇ ಫೋಟೋ ಅಲ್ಲಾಡಿಸುತ್ತದೆ. ಆಟೋ ಐಎಸ್‌ಒ ಬಳಸುವವರು ಶಟರ್ ಸ್ಪೀಡ್ 1/125ಕ್ಕಿಂತ ಕೆಳಗಿಳಿಯದಂತೆ ಕಟ್ಟಿಹಾಕಿ.

"ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಅಪರ್ಚರ್ ಮುಚ್ಚಿ" ಅನ್ನುವ ಸಲಹೆಯನ್ನೂ ಎಲ್ಲರೂ ಕೊಡುತ್ತಾರೆ. ಫಿಲ್ಮ್ ಕಾಲದಲ್ಲಿ ವ್ಯೂಫೈಂಡರ್ ಕತ್ತಲಾಗುತ್ತಿತ್ತು, ಬೇರೆ ದಾರಿ ಇರಲಿಲ್ಲ. ಆದರೆ ಕೆಲವು ದೊಡ್ಡ ಅಪರ್ಚರ್ ಲೆನ್ಸ್‌ಗಳಲ್ಲಿ ಮುಚ್ಚಿದ ಕೂಡಲೇ ಫೋಕಸ್ ಸ್ವಲ್ಪ ಹಿಂದಕ್ಕೆ ಜಾರುತ್ತದೆ. ಎಫ್ 5.6ರ ಹೊತ್ತಿಗೆ ಆಳ ಹೆಚ್ಚಿ ಆ ತಪ್ಪು ಮರೆಯಾಗುತ್ತದೆ, ಎಫ್ 2, 2.8ರಲ್ಲಿ ಹೋಗುವುದಿಲ್ಲ. ಯಾವ ಅಪರ್ಚರ್‌ನಲ್ಲಿ ತೆಗೆಯುತ್ತೀರೋ ಅದರಲ್ಲೇ ಫೋಕಸ್ ಮಾಡಿ. ಮಿರರ್‌ಲೆಸ್ ಪರದೆ ತಾನೇ ಬೆಳಕು ಹೆಚ್ಚಿಸಿಕೊಳ್ಳುತ್ತದಲ್ಲ.

ದೂರದ ಬೆಟ್ಟ, ನಕ್ಷತ್ರ ತೆಗೆಯುವವರು ರಿಂಗನ್ನು ಇನ್ಫಿನಿಟಿ (ಅನಂತ ದೂರ) ಗುರುತಿಗೆ ತಿರುಗಿಸಿ ಸುಮ್ನೆ ಕ್ಲಿಕ್ ಮಾಡುತ್ತಾರೆ. ಆ ಗುರುತು ನಂಬಬೇಡಿ. ಅಡಾಪ್ಟರ್ ಉದ್ದವಾಗಿ ಬಿಟ್ಟರೆ ದೂರದ್ದು ಯಾವತ್ತೂ ಫೋಕಸ್ ಆಗುವುದಿಲ್ಲ. ಅದಕ್ಕೇ ತಯಾರಕರು ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ. 0.1 ಮಿ.ಮೀ. ಗಿಡ್ಡವಾದರೆ 50 ಮಿ.ಮೀ. ಲೆನ್ಸಿನಲ್ಲಿ ನಿಜವಾದ ಇನ್ಫಿನಿಟಿ 25 ಮೀಟರ್ ಗುರುತಿನ ಹತ್ತಿರ ಬಂದು ಕೂರುತ್ತದೆ. ರಿಂಗ್ ಕೊನೆಗೆ ತಾಗಿಸಿದರೆ ನಕ್ಷತ್ರ ಉಂಡೆಯಾಗುತ್ತದೆ. ಇಲ್ಲೂ ಮ್ಯಾಗ್ನಿಫೈ ಮಾಡಿಯೇ ಫೋಕಸ್ ಮಾಡಬೇಕು.

ಪ್ರಶ್ನೆ: ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಂ42 (ತಿರುಪಿ ಕೂರಿಸುವ ಹಳೇ ಮೌಂಟ್) ಲೆನ್ಸ್ ಹಾಕಬಹುದಾ?

ಹಾಕಬಹುದು, ದೂರದ್ದು ಫೋಕಸ್ ಆಗುವುದಿಲ್ಲ. ಎಂ42 ಲೆನ್ಸ್ ಸೆನ್ಸರ್‌ನಿಂದ 45.46 ಮಿ.ಮೀ. ದೂರದಲ್ಲಿರಬೇಕು, ನಿಕಾನ್ ಎಫ್ ಮೌಂಟ್ 46.5ರಲ್ಲಿದೆ, ಲೆನ್ಸ್ ಬೇಕಾದಷ್ಟು ಹತ್ತಿರ ಬರುವುದೇ ಇಲ್ಲ. ಅದನ್ನು ಸರಿಪಡಿಸಲು ಒಳಗೆ ಗಾಜಿರುವ ಅಡಾಪ್ಟರ್ ತಗೊಳ್ಳಿ ಅನ್ನುವವರಿದ್ದಾರೆ. ಒಳ್ಳೆ ಲೆನ್ಸಿನ ಹಿಂದೆ ಅಗ್ಗದ ಗಾಜು ಯಾಕೆ?

ಪ್ರಶ್ನೆ: ಹೀಲಿಯೋಸ್ 44-2 ಅನ್ನುವ ಹಳೇ ಸೋವಿಯತ್ ಲೆನ್ಸ್ ತಂದಿದ್ದೇನೆ. ಹಿನ್ನೆಲೆ ಸುತ್ತಿದಂತೆ ಬರುತ್ತಲೇ ಇಲ್ಲ.

ಸುತ್ತು ಇರುವುದು ಚಿತ್ರದ ಅಂಚಿನಲ್ಲಿ, ಅದನ್ನು ನಿಮ್ಮ ಕ್ರಾಪ್ ಸೆನ್ಸರ್ ಕತ್ತರಿಸಿಹಾಕಿದೆ.

ಪ್ರಶ್ನೆ: ಹಳೇ ಲೆನ್ಸ್ ಕ್ಯಾಮೆರಾ ಹಾಳು ಮಾಡುತ್ತಾ?

ಹಿಂಭಾಗ ಉದ್ದಕ್ಕೆ ಚಾಚಿಕೊಂಡಿದ್ದರೆ ಮಾಡಬಹುದು. ಜುಪಿಟರ್-12 ಅನ್ನುವ ಹಳೇ ಸೋವಿಯತ್ ಲೆನ್ಸಿನ ಹಿಂದಿನ ಗಾಜು ನೋಡಿದರೆ ನಿಮಗೇ ಅರ್ಥವಾಗುತ್ತದೆ. ಜಾಗ ಅಳೆಯದೆ ಹಾಕಬೇಡಿ. ನಾನಂತೂ ಅಂಥದ್ದನ್ನು ಹಾಕುವುದೇ ಇಲ್ಲ.

ಪ್ರಶ್ನೆ: ಫಂಗಸ್ ಬಂದ ಲೆನ್ಸನ್ನು ಬಿಸಿಲಿಗಿಟ್ಟರೆ ಸರಿಹೋಗುತ್ತಂತೆ, ಹೌದಾ?

ಇಲ್ಲ. ಈ ಸುದ್ದಿ ಎಲ್ಲಿಂದ ಹುಟ್ಟಿರಬಹುದು ಅಂತ ನನಗೊಂದು ಅನುಮಾನ ಇದೆ. ಸೂಪರ್ ಟಾಕುಮಾರ್ 50 ಮಿ.ಮೀ. ಎಫ್ 1.4ರಂಥ ಕೆಲವು ಲೆನ್ಸ್‌ಗಳ ಗಾಜಿನಲ್ಲಿ ಥೋರಿಯಂ ಇದೆ. ಅದು ವರ್ಷಗಳು ಕಳೆದಂತೆ ಹಳದಿಯಾಗುತ್ತದೆ, ನೇರಳಾತೀತ ಬೆಳಕು ಬಿದ್ದರೆ ತಿಳಿಯಾಗುತ್ತದೆ. ಅದನ್ನು ಕೇಳಿದವರು ಫಂಗಸ್‌ಗೂ ಅದೇ ಮದ್ದು ಅಂದುಕೊಂಡಿರಬೇಕು. ಫಂಗಸ್ ಬಿಸಿಲಿಗೆ ಸತ್ತರೂ ಅದರ ಎಳೆ ಗಾಜಿನ ಮೇಲೇ ಇರುತ್ತದೆ, ತಿಂದ ಕೋಟಿಂಗ್ ವಾಪಸ್ ಬರುವುದಿಲ್ಲ. ಬಿಸಿಗೆ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಎಲೆಗಳಿಗೆ ಅಂಟುತ್ತದೆ. ಎರಡೂ ಕಡೆಯ ಮುಚ್ಚಳ ತೆಗೆದು ಬಿಸಿಲಿಗಿಟ್ಟ ಲೆನ್ಸ್ ಭೂತಗನ್ನಡಿಯೇ. ಬಟ್ಟೆಗೋ ಕಾಗದಕ್ಕೋ ಬೆಂಕಿ ಹತ್ತಿದರೆ ಫಂಗಸ್ ವಿಷಯ ಮರೆತೇ ಹೋಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ಅನ್ನುವ ಪಂಡಿತರಿಗೆ ನಿಮ್ಮ ಲೆನ್ಸ್ ತೋರಿಸಲೂಬೇಡಿ. ಬಿಚ್ಚಿ ಸ್ವಚ್ಛ ಮಾಡಲು ಗೊತ್ತಿರುವವರ ಹತ್ತಿರ ಕೊಡಿ. ಮಾರುವವರು "ಸ್ವಲ್ಪ ಫಂಗಸ್ ಇದೆ, ಫೋಟೋಗೆ ಏನೂ ಆಗಲ್ಲ" ಅಂದರೆ ತಗೊಳ್ಳಬೇಡಿ. ಅದೇ ಲೆನ್ಸ್ ಶುಚಿಯಾಗಿ ಇನ್ನೊಂದು ಕಡೆ ಸಿಗುತ್ತದೆ.