ಸಂಪಾದಕರ ಖಾತೆಯಲ್ಲಿ ಪ್ಲಗಿನ್ ಮೆನು ಕಾಣದಿರುವ ಬಗ್ಗೆ

ವರ್ಡ್‌ಪ್ರೆಸ್ (ಜಾಲತಾಣ ಕಟ್ಟಿ ನಡೆಸುವ ತಂತ್ರಾಂಶ) ತಾಣದಲ್ಲಿ ಸಂಪಾದಕರ ಪಾತ್ರ ಪಡೆದಿರುವ ನಿಮ್ಮ ಸಹೋದ್ಯೋಗಿಗೆ ಪ್ಲಗಿನ್ (ತಾಣಕ್ಕೆ ಹೆಚ್ಚುವರಿ ಸೌಲಭ್ಯ ಸೇರಿಸುವ ಕಿರು ತಂತ್ರಾಂಶ) ಮೆನುವೇ ಕಾಣುತ್ತಿಲ್ಲ, ಅವರನ್ನೂ ಅಡ್ಮಿನ್, ಅಂದರೆ ತಾಣದ ಪೂರ್ಣ ಅಧಿಕಾರವುಳ್ಳ ನಿರ್ವಾಹಕ, ಮಾಡಿಬಿಡಬಹುದೇ ಎಂದು ಕೇಳಿದ್ದೀರಿ. ಮೆನು ಕಾಣದಿರುವುದು ದೋಷವಲ್ಲ. ಪ್ರತಿಯೊಂದು ಪಾತ್ರವೂ ಕೆಲವು ಅನುಮತಿಗಳ ಗೊಂಚಲಾಗಿದ್ದು, ಯಾರ ಖಾತೆಗೆ ಒಂದು ಅನುಮತಿ ಇಲ್ಲವೋ ಅವರ ಪರದೆಯಲ್ಲಿ ಅದಕ್ಕೆ ಸಂಬಂಧಿಸಿದ ಮೆನುವನ್ನು ವರ್ಡ್‌ಪ್ರೆಸ್ ತೋರಿಸುವುದೇ ಇಲ್ಲ. ಸಂಪಾದಕರು ಇತರರ ಬರಹಗಳನ್ನೂ ತಿದ್ದಬಹುದು, ಪ್ರಕಟಿಸಬಹುದು, ಅಳಿಸಲೂಬಹುದು; ಲೇಖಕರ ಅಧಿಕಾರ ತಮ್ಮ ಬರಹಗಳಿಗಷ್ಟೇ ಸೀಮಿತ. ಕೊಡುಗೆದಾರರಂತೂ ಬರೆದು ಪರಿಶೀಲನೆಗೆ ಕಳುಹಿಸಬಹುದೇ ಹೊರತು ಒಂದು ಚಿತ್ರವನ್ನೂ ಅಪ್‌ಲೋಡ್ ಮಾಡಲಾರರು (ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲಿಯೇ).

ಅಡ್ಮಿನ್ ಪಾತ್ರದ ವಿಷಯವೇ ಬೇರೆ. ಪ್ಲಗಿನ್ ಹಾಕಬಲ್ಲವರು ವಾಸ್ತವದಲ್ಲಿ ನಿಮ್ಮ ಸರ್ವರಿನಲ್ಲಿ ತಮಗೆ ಬೇಕಾದ ಪಿಎಚ್‌ಪಿ (ಪ್ಲಗಿನ್‌ಗಳನ್ನು ಬರೆಯುವ ಪ್ರೋಗ್ರಾಮಿಂಗ್ ಭಾಷೆ) ಕೋಡನ್ನು ಚಲಾಯಿಸಬಲ್ಲರು. ಅಷ್ಟೇ ಏಕೆ, ನಿಮ್ಮ ಖಾತೆಯನ್ನೇ ತೆಗೆದುಹಾಕಬಲ್ಲರು. ನಿಮ್ಮ ಸಹೋದ್ಯೋಗಿಗೆ ಬೇಕಿರುವುದು ಒಂದು ಪ್ಲಗಿನ್‌ನ ಅಪ್‌ಡೇಟ್ ಮಾತ್ರವಾಗಿದ್ದರೆ ಅದನ್ನು ನೀವೇ ಮಾಡಿಕೊಡುವುದು ಲೇಸು. ಅಡ್ಮಿನ್ ಪಾತ್ರ ಕೊಡಲೇಬೇಕಾದಲ್ಲಿ ಅವರ ಹೆಸರಿನ ಖಾತೆಗೇ ಕೊಡಿ, ನಿಮ್ಮ ಪಾಸ್‌ವರ್ಡ್ ಹಂಚಿಕೊಳ್ಳಬೇಡಿ. ಮುಂದೆಂದಾದರೂ ಆ ಖಾತೆಯನ್ನು ಅಳಿಸುವಾಗ ಅವರ ಬರಹಗಳನ್ನು ಏನು ಮಾಡಬೇಕೆಂದು ವರ್ಡ್‌ಪ್ರೆಸ್ ಕೇಳುತ್ತದೆ. ಅವಸರದಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆಯನ್ನು ಒತ್ತದೆ, ಬೇರೊಬ್ಬ ಬಳಕೆದಾರರ ಹೆಸರಿಗೆ ವರ್ಗಾಯಿಸಿ.