ಸಭೆ ಬದಲಾದಾಗ ಮಾತೂ ಬದಲಾದರೆ ಅದು ಅವಕಾಶವಾದವೇ?

ಒಬ್ಬನೇ ವ್ಯಕ್ತಿ ಒಂದೇ ವಿಚಾರವನ್ನು ಒಂದು ಸಭೆಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಮತ್ತೊಂದು ರೀತಿ ಮಂಡಿಸಿದರೆ ಅವನ ಪ್ರಾಮಾಣಿಕತೆಯನ್ನು ನಂಬುವುದು ಹೇಗೆ ಎಂದು ನೀವು ಕೇಳಿದ್ದೀರಿ. ಕೇಳುಗರನ್ನು ನೋಡಿ ಮಾತು ಹೊಂದಿಸಿಕೊಳ್ಳುವವನು ಅವಕಾಶವಾದಿಯೇ ಇರಬೇಕೆಂಬ ಅನುಮಾನ ನಿಮ್ಮ ಪ್ರಶ್ನೆಯೊಳಗಿದೆ. ಕಾಲೇಜಿನಲ್ಲಿ ಹಲವು ವರ್ಷ ವಿದ್ಯಾರ್ಥಿಗಳನ್ನು ಚರ್ಚಾಸ್ಪರ್ಧೆಗೆ ಸಿದ್ಧಪಡಿಸಿದ ನನಗೂ ಈ ಅನುಮಾನ ಬಹುಕಾಲ ಇತ್ತು. ಸಭೆಯನ್ನರಿತು ಮಾತಾಡಿ ಎಂದು ಹೇಳಿಕೊಡುವಾಗಲೆಲ್ಲ, ಸಭೆಗೆ ಹಿತವಾದುದನ್ನೇ ಆಡಿ ಎಂದು ಮಕ್ಕಳು ಅರ್ಥಮಾಡಿಕೊಂಡಾರೆಂಬ ಅಳುಕು ಕಾಡುತ್ತಿತ್ತು. ಆ ಗಂಟು ಬಿಡಿಸಿಕೊಳ್ಳಲು ನನಗೆ ನೆರವಾದದ್ದು ಡಾ. ಬಿ. ಆರ್. ಅಂಬೇಡ್ಕರ್ ಅವರ ಎರಡು ಭಾಷಣಗಳು. ಎರಡೂ 1936ರ ಮೇ ತಿಂಗಳಿನಲ್ಲಿ ಜನರ ಮುಂದೆ ಬಂದವು. ಎರಡರ ಹಿಂದೆಯೂ ಇರುವುದು ಒಂದೇ ನಿರ್ಧಾರ. ಆದರೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಬೇರೆ ಬೇರೆ ಇಬ್ಬರು ಆಡಿದ ಮಾತುಗಳಂತೆ ಕಾಣುತ್ತವೆ.

ತಾವು ಹಿಂದೂವಾಗಿ ಹುಟ್ಟಿದ್ದು ತಮ್ಮ ಕೈಯಲ್ಲಿರಲಿಲ್ಲ, ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು ಅವರು 1935ರ ಅಕ್ಟೋಬರ್ 13ರಂದು ನಾಸಿಕ್ ಜಿಲ್ಲೆಯ ಯೇವಲೆಯಲ್ಲಿ ಸಾರಿದ್ದರು. ಅದೇ ಡಿಸೆಂಬರಿನಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲವು ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನು ಕರೆಯಿತು. ಜಾತಿಯನ್ನು ಮುರಿಯಬೇಕೆಂದು ನಿಜವಾಗಿಯೂ ಬಯಸಿದ್ದ, ಆರ್ಯಸಮಾಜದ ಒಲವಿನ ಸವರ್ಣ ಸುಧಾರಕರ ಸಂಸ್ಥೆ ಅದು. ಜಾತಿಯ ಬಗ್ಗೆ ಅವರಿಗೆ ಅಸಹನೆಯಿತ್ತು, ವೇದಗಳ ಬಗ್ಗೆ ಅಷ್ಟೇ ಶ್ರದ್ಧೆಯೂ ಇತ್ತು.

ಈ ಸಭೆಗಾಗಿ ಅಂಬೇಡ್ಕರ್ ಇಂಗ್ಲಿಷಿನಲ್ಲಿ ಬರೆದ ಭಾಷಣವೇ ನಾವು ಇಂದು ‘ಜಾತಿ ವಿನಾಶ’ ಎಂದು ಕನ್ನಡದಲ್ಲಿ ಓದುವ ಕೃತಿ. ಅದರ ಆರಂಭವನ್ನು ನಿಧಾನವಾಗಿ ಓದಬೇಕು. ಅಂತ್ಯಜನೊಬ್ಬ ಸವರ್ಣರ ಸಭೆಗೆ ಅಧ್ಯಕ್ಷನಾಗುವುದೇ ಶಾಸ್ತ್ರವಿರುದ್ಧವೆಂದು ತಾವೇ ಎತ್ತಿ ಹೇಳಿ, ಪಂಡಿತನಾದ ಮಾತ್ರಕ್ಕೆ ಅಂತ್ಯಜನನ್ನು ಗುರುವೆಂದು ಒಪ್ಪಬಹುದೇ ಎಂಬ ಪ್ರಶ್ನೆಗೆ ಮರಾಠಿ ಸಂತ ರಾಮದಾಸರು ‘ದಾಸಬೋಧ’ದಲ್ಲಿ ಇಲ್ಲವೆಂದೇ ಉತ್ತರಿಸಿದ್ದಾರೆಂದು ನೆನಪಿಸಿ, ತಮ್ಮನ್ನು ಕರೆದದ್ದಕ್ಕಾಗಿ ಮಂಡಲದವರು ಎದುರಿಸಬೇಕಾದ ಪ್ರಶ್ನೆಗಳ ಬಗ್ಗೆ ಅವರು ಮರುಕ ತೋರುತ್ತಾರೆ. ಕೇಳುಗನ ಮನಸ್ಸಿನಲ್ಲಿ ಮೊದಲು ಏಳುವ ಆಕ್ಷೇಪವನ್ನು ಅವನಿಗಿಂತ ಮುಂಚೆ ಆಡಿಬಿಡುವ ಈ ಕ್ರಮ, ತಾನು ಹೊರಗಿನವನೆಂದು ಬಲ್ಲ ಮಾತುಗಾರನಿಗೆ ಮಾತ್ರ ಹೊಳೆಯುವಂಥದು. ಆಮೇಲೆ ರಾಜಕೀಯ ಸುಧಾರಣೆಯೇ ಮೊದಲೆನ್ನುವವರಿಗೆ ಒಂದು ಉತ್ತರ, ಆರ್ಥಿಕ ಸಮಾನತೆಯೇ ಸಾಕೆನ್ನುವ ಸಮಾಜವಾದಿಗಳಿಗೆ ಇನ್ನೊಂದು ಉತ್ತರ. ಜಾತಿಯೆಂದರೆ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆ ಎಂಬ ಪ್ರಸಿದ್ಧ ವಾದ ಇಲ್ಲಿಯೇ ಬರುತ್ತದೆ. ರಾಜಕೀಯ ಕ್ರಾಂತಿಗೆ ಮೊದಲು ಧಾರ್ಮಿಕ ಕ್ರಾಂತಿ ನಡೆದಿರುತ್ತದೆ ಎನ್ನಲು ಲೂಥರನನ್ನೂ ಬುದ್ಧನನ್ನೂ ಮಹಾರಾಷ್ಟ್ರದ ಸಂತರನ್ನೂ ತರುತ್ತಾರೆ, ಜೊತೆಗೆ ಗುರು ನಾನಕರನ್ನೂ. ಪಂಜಾಬಿನ ಸಭೆಗೆ ನಾನಕರ ಹೆಸರು ಎಷ್ಟು ಹತ್ತಿರದ್ದೆಂದು ಯೋಚಿಸಿದರೆ ಆ ಆಯ್ಕೆ ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ದೌರ್ಜನ್ಯದ ಪ್ರಸಂಗಗಳನ್ನು ಅವರು ಇಲ್ಲಿ ನ್ಯಾಯಾಲಯದಲ್ಲಿ ಸಾಕ್ಷ್ಯ ಒದಗಿಸುವಂತೆ ಮುಂದಿಡುತ್ತಾರೆ. ಇಂದೋರಿನ ಬಲಾಯಿ ಜನರು ಬಣ್ಣದ ಅಂಚಿನ ಧೋತಿ ಉಡಬಾರದು, ಅವರ ಹೆಂಗಸರು ಚಿನ್ನ ಬೆಳ್ಳಿಯ ಒಡವೆ ತೊಡಬಾರದು ಎಂದು ಸವರ್ಣರು ವಿಧಿಸಿದ ಕಟ್ಟಳೆಗಳನ್ನು 1928ರ ಜನವರಿಯ ‘ಟೈಮ್ಸ್ ಆಫ್ ಇಂಡಿಯಾ’ ವರದಿಯಿಂದ ಎತ್ತಿಕೊಡುತ್ತಾರೆ. ಜೈಪುರ ಸಂಸ್ಥಾನದ ಚಕ್ವಾರಾದಲ್ಲಿ ಅಸ್ಪೃಶ್ಯರು ತುಪ್ಪದ ಅಡುಗೆ ಬಡಿಸಿದ್ದಕ್ಕಾಗಿ ಊಟಕ್ಕೆ ಕುಳಿತವರ ಮೇಲೆ ಸವರ್ಣರು ಲಾಠಿ ಹಿಡಿದು ಎರಗಿದ್ದನ್ನು ಊರಿನ ಹೆಸರಿನೊಡನೆ ಹೇಳುತ್ತಾರೆ. ಎದುರಿಗೆ ಕೂರುವವರು ಈ ನೋವನ್ನು ಉಂಡವರಲ್ಲ. ಪುರಾವೆಯಿಲ್ಲದೆ ಅವರು ನಂಬಬೇಕಾಗಿರಲಿಲ್ಲ.

ಮೇ 31ರಂದು ಮುಂಬಯಿಯಲ್ಲಿ ನಡೆದ, ತಮ್ಮದೇ ಸಮುದಾಯವಾದ ಮಹಾರರ ಪರಿಷತ್ತಿನಲ್ಲಿ ಅವರು ಮರಾಠಿಯಲ್ಲಿ ಆಡಿದ ಭಾಷಣ ‘ಮುಕ್ತಿ ಕೋನ್ ಪಥೆ’, ಅಂದರೆ ‘ಮುಕ್ತಿಯ ದಾರಿ ಯಾವುದು’. ಅಲ್ಲಿ ಪತ್ರಿಕಾ ವರದಿಯ ಅಗತ್ಯ ಬೀಳುವುದಿಲ್ಲ. ಶಾಲೆಯ ಪ್ರವೇಶ, ಸಾರ್ವಜನಿಕ ಬಾವಿಯ ನೀರು, ಲೋಹದ ಪಾತ್ರೆ, ಮದುಮಗನನ್ನು ಕುದುರೆಯ ಮೇಲೆ ಕೂರಿಸಿದ ಮೆರವಣಿಗೆ ಎಂದು ಹೆಸರಿಸಿಕೊಂಡು ಹೋದರೆ ಸಾಕು, ಉಳಿದದ್ದು ಕೇಳುಗರ ಬೆನ್ನ ಮೇಲೆಯೇ ಬರೆದಿದೆ. ಜಾತಿ ಕೆಟ್ಟದ್ದೆಂದು ಅವರಿಗೆ ಯಾರೂ ಸಾಧಿಸಿ ತೋರಿಸಬೇಕಾಗಿಲ್ಲ. ಅವರನ್ನು ಕಾಡುವ ಪ್ರಶ್ನೆಗಳು ಬೇರೆ: ಬಿಟ್ಟುಹೋದರೆ ಏನು ಸಿಗುತ್ತದೆ, ಬಿಟ್ಟುಹೋಗುವ ಶಕ್ತಿ ನಮಗಿದೆಯೇ? ಆದ್ದರಿಂದ ಭಾಷಣ ಶುರುವಾಗುವುದು ಸಿದ್ಧತೆಯ ಮಾತಿನಿಂದ. ಮತಾಂತರ ಮಕ್ಕಳಾಟವಲ್ಲ, ಪಯಣಕ್ಕೆ ಮುಂಚೆ ಅಂಬಿಗ ಎಲ್ಲವನ್ನೂ ಅಣಿಮಾಡಿಕೊಳ್ಳುವಂತೆ ನಾವೂ ಅಣಿಯಾಗಬೇಕು ಎನ್ನುತ್ತಾರೆ. ಮನುಷ್ಯಬಲ, ಧನಬಲ, ಮನೋಬಲ ಎಂಬ ಮೂರನ್ನು ಹೇಳಿ, ಮೂರೂ ನಿಮ್ಮಲ್ಲಿಲ್ಲ ಎಂದು ತಮ್ಮ ಜನರಿಗೆ ಮುಖಕ್ಕೆ ಮುಖ ಕೊಟ್ಟು ಹೇಳುತ್ತಾರೆ. ಆ ಭಾಷಣದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವ ಜಾಗ ಇದು. ಜೈಕಾರ ಹಾಕಲು ಬಂದ ಜನರ ಮುಂದೆ ಅವರ ಬಲಹೀನತೆಯನ್ನು ಎಣಿಸಿ ತೋರಿಸುವುದು ಮುಖಸ್ತುತಿ ಮಾಡುವವನಿಂದ ಆಗದ ಕೆಲಸ. ಕೊನೆಯಲ್ಲಿಯೂ ನನ್ನನ್ನು ಹಿಂಬಾಲಿಸಿ ಎನ್ನದೆ, ನಿಮಗೆ ನೀವೇ ದೀಪವಾಗಿರಿ ಎಂದು ಬುದ್ಧ ಆನಂದನಿಗೆ ಹೇಳಿದ ಮಾತನ್ನು ಅವರ ಮುಂದಿಡುತ್ತಾರೆ.

ಹೀಗೆ ಭಾಷೆ, ಆರಂಭ, ಆಧಾರ, ಉದಾಹರಣೆಯ ಬಗೆ, ಯಾವುದನ್ನು ಸಾಧಿಸಬೇಕು, ಯಾವುದನ್ನು ಬರೀ ನೆನಪಿಸಿದರೆ ಸಾಕು ಎಂಬುದು, ಎಲ್ಲವೂ ಸಭೆಯೊಡನೆ ಬದಲಾಗಿವೆ. ಬದಲಾಗದೆ ಉಳಿದದ್ದು ಏನೆಂಬುದು ಲಾಹೋರಿನ ಪ್ರಸಂಗದ ಉಳಿದ ಭಾಗದಿಂದ ಗೊತ್ತಾಗುತ್ತದೆ. ಕರಡನ್ನು ಓದಿದ ಮಂಡಲದವರು ಗಾಬರಿಗೊಂಡರು. ಸಹಭೋಜನ ಮತ್ತು ಅಂತರ್ಜಾತಿ ವಿವಾಹಗಳಷ್ಟರಿಂದ ಕೆಲಸ ಮುಗಿಯುವುದಿಲ್ಲ, ಶಾಸ್ತ್ರಗಳ ಪಾವಿತ್ರ್ಯದ ಮೇಲಿನ ನಂಬಿಕೆಯನ್ನೇ ಕೆಡವಬೇಕು ಎಂದು ಅದರಲ್ಲಿತ್ತು. ಹಿಂದೂವಾಗಿ ಇದೇ ತಮ್ಮ ಕೊನೆಯ ಭಾಷಣವೆಂಬ ಸೂಚನೆಯೂ ಇತ್ತು. ಕೆಲವು ಭಾಗಗಳನ್ನು ಬಿಡಿ, ಕನಿಷ್ಠ ‘ವೇದ’ ಎಂಬ ಪದವನ್ನಾದರೂ ತೆಗೆಯಿರಿ ಎಂದು ಅವರು ಕೋರಿದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಅಂಬೇಡ್ಕರ್ ಉತ್ತರಿಸಿದರು. ಸಮ್ಮೇಳನವೇ ರದ್ದಾಯಿತು. ಅವರು ತಮ್ಮ ಖರ್ಚಿನಲ್ಲಿ 1500 ಪ್ರತಿಗಳನ್ನು ಅಚ್ಚು ಹಾಕಿಸಿದರು, ಅವು ಎರಡು ತಿಂಗಳೊಳಗೆ ಮುಗಿದವು. ಗಾಂಧೀಜಿ ಜುಲೈನಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಅದಕ್ಕೆ ಪ್ರತಿಕ್ರಿಯಿಸಿದರು, ಅಂಬೇಡ್ಕರ್ ಮುಂದಿನ ಮುದ್ರಣದಲ್ಲಿ ಮರುತ್ತರ ಸೇರಿಸಿದರು. ಒಂದು ಸಭಾಂಗಣಕ್ಕೆಂದು ಹೊಸೆದ ಮಾತು, ಸಭೆಯೇ ಇಲ್ಲವಾದ್ದರಿಂದ, ಇಡೀ ದೇಶದ ಓದುಗರ ಮುಂದೆ ಬಂದಿತು.

ಕೇಳುಗನಿಗೆ ಅರ್ಥವಾಗಲೆಂದು, ಅವನ ಮನಸ್ಸನ್ನು ಮುಟ್ಟಲೆಂದು ಮಾಡುವ ಬದಲಾವಣೆಗೂ, ಅವನಿಗೆ ನೋಯುತ್ತದೆಂದು ಮುಖ್ಯವಾದುದನ್ನೇ ಕೈಬಿಡುವುದಕ್ಕೂ ಇರುವ ಅಂತರವನ್ನು ನಾನು ಗುರುತಿಸುವುದು ಆ ‘ವೇದ’ ಎಂಬ ಪದದ ಹತ್ತಿರ. ಅದನ್ನು ತೆಗೆದಿದ್ದರೆ ಲಾಹೋರಿನ ಭಾಷಣ ನಡೆಯುತ್ತಿತ್ತು, ಚಪ್ಪಾಳೆಯೂ ಬೀಳುತ್ತಿತ್ತು, ಆದರೆ ವಾದದ ಬೆನ್ನೆಲುಬು ಇರುತ್ತಿರಲಿಲ್ಲ.

ಇಷ್ಟು ಓದಿದ ಮೇಲೆ ಅವರನ್ನು ಎಂದೂ ಬಗ್ಗದ ಕಠೋರ ಮಾತುಗಾರನೆಂದು ತಿಳಿಯಬಾರದು. 1946ರ ಡಿಸೆಂಬರ್ 17ರಂದು ಸಂವಿಧಾನ ಸಭೆಯಲ್ಲಿ ನೆಹರೂ ಮಂಡಿಸಿದ್ದ ಧ್ಯೇಯಗಳ ನಿರ್ಣಯದ ಚರ್ಚೆ ನಡೆಯುತ್ತಿತ್ತು. ಮುಸ್ಲಿಂ ಲೀಗಿನ ಸದಸ್ಯರು ಸಭೆಗೆ ಬಂದಿರಲಿಲ್ಲ. ಅವರು ಬರುವವರೆಗೆ ನಿರ್ಣಯವನ್ನು ಮುಂದೂಡಬೇಕೆಂದು ಎಂ. ಆರ್. ಜಯಕರ್ ತಿದ್ದುಪಡಿ ಸೂಚಿಸಿದ್ದರು. ಅಂಬೇಡ್ಕರರಿಗಿಂತ ಮುಂದೆ ಇಪ್ಪತ್ತು-ಇಪ್ಪತ್ತೆರಡು ಹೆಸರುಗಳಿದ್ದರೂ ಅಧ್ಯಕ್ಷ ರಾಜೇಂದ್ರ ಪ್ರಸಾದರು ಹಠಾತ್ತನೆ ಅವರನ್ನು ಕರೆದರು. ಕಾಂಗ್ರೆಸ್ಸನ್ನು ವರ್ಷಗಟ್ಟಲೆ ಟೀಕಿಸಿದ್ದ ವ್ಯಕ್ತಿ ಆ ಕಾಂಗ್ರೆಸ್ಸಿನ ಬಹುಮತದೆದುರು ನಿಂತು, ನಾವು ಕಾದಾಡುವ ಪಾಳೆಯಗಳಾಗಿದ್ದೇವೆ, ಅಂಥ ಒಂದು ಪಾಳೆಯದ ನಾಯಕರಲ್ಲಿ ಬಹುಶಃ ನಾನೂ ಒಬ್ಬ ಎಂದು ಒಪ್ಪಿಕೊಂಡರು. ಆ ಒಪ್ಪಿಗೆಯ ಬಲದ ಮೇಲೆಯೇ, ಜನರನ್ನು ಹೆದರಿಸುವ ಘೋಷಣೆಗಳನ್ನು ಬದಿಗಿಡೋಣ, ಎದುರಾಳಿಗಳ ಪೂರ್ವಗ್ರಹಕ್ಕೂ ಒಂದಿಷ್ಟು ರಿಯಾಯಿತಿ ತೋರಿ ಅವರನ್ನು ಕರೆದುಕೊಳ್ಳೋಣ ಎಂದು ಬಹುಮತದವರನ್ನು ಕೇಳಲು ಅವರಿಗೆ ಸಾಧ್ಯವಾಯಿತು. ಇಲ್ಲಿಯೂ ಸಭೆಗೆ ಹಿತವಾದ ಮಾತು ಅದಾಗಿರಲಿಲ್ಲ, ಬಹುಮತವಿದ್ದವರು ಅಂದೇ ನಿರ್ಣಯ ಅಂಗೀಕರಿಸಬಹುದಿತ್ತು. ಅವರು ಕಾದರು, ನಿರ್ಣಯ ಅಂಗೀಕಾರವಾದದ್ದು 1947ರ ಜನವರಿ 22ರಂದು. ಯಾರಿಗಾಗಿ ಕಾದರೋ ಆ ಲೀಗಿನವರ ಆಸನಗಳು ಅಂದೂ ಖಾಲಿಯಾಗಿಯೇ ಇದ್ದವು.